ಗೆಳೆಯನಿಗೊಂದು ಪತ್ರ: ಆರು ಹಾಳೆಯ ಸೂರ್ಯ

ಚಳ್ಳಕೆರೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಬಂದು ಎರಡು ದಿನ ಆಯ್ತು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಕೊನೆಯ ವರ್ಷದ ಪ್ರಾಜೆಕ್ಟ್ ಹಿಡಿದು ನಿನ್ನಂತೆಯೇ ನಿದ್ದೆಗೆಟ್ಟವರು ಬೇಕಾದಷ್ಟು ಜನ ಇರುತ್ತಾರೆ. ಅವರಿಗೂ ಸಿಗಲಿ ಅಂತ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ.

ಕಪ್ಪುಕುಳಿಗಳ ಮೇಲೆ ಮೂವತ್ತು ಪುಟ ಬರೆದಿದ್ದೀಯ, ಗೈಡ್ ಅದನ್ನೆಲ್ಲ ಓದಿ "ಇದರಲ್ಲಿ ನಿನ್ನದು ಯಾವುದಪ್ಪಾ?" ಅಂತ ಕೇಳಿದರು, ಬೇಜಾರಾಯ್ತು ಅಂದಿದ್ದೀಯ. ಬೇಜಾರಾಗಬೇಡ ಕಣೋ. ಅವರು ಕೇಳಬೇಕಾದ್ದನ್ನೇ ಕೇಳಿದ್ದಾರೆ. ನನಗೂ ಇದೇ ಪ್ರಶ್ನೆ ಬಂದಿತ್ತು, ಸ್ವಲ್ಪ ಬೇರೆ ಮಾತಿನಲ್ಲಿ. ನನ್ನ ಮೊದಲ ಕರಡಿನಲ್ಲಿ "ಸೂರ್ಯ ತನ್ನ ಸುತ್ತ ತಾನು ಒಮ್ಮೆ ತಿರುಗಲು ಸುಮಾರು 25 ದಿನ ಬೇಕು" ಎಂಬ ಸಾಲಿತ್ತು. ನಮ್ಮ ಗೈಡ್ ಅದರ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, "ಈ 25 ಎಲ್ಲಿಂದ ಬಂತು?" ಅಂದರು. ಪುಸ್ತಕದಿಂದ ಅಂದೆ. "ಪುಸ್ತಕಕ್ಕೆ ಎಲ್ಲಿಂದ ಬಂತು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಹಾಸ್ಟೆಲಿಗೆ ಹೋಗಿ ಬರೆದದ್ದನ್ನೆಲ್ಲ ಪಕ್ಕಕ್ಕಿಟ್ಟೆ. ಆ ಒಂದು ಸಂಖ್ಯೆಯನ್ನು ನಾನೇ ಅಳೆಯುತ್ತೇನೆ, ನನ್ನ ಪ್ರಬಂಧ ಅಷ್ಟೇ ಅಂತ ತೀರ್ಮಾನ ಮಾಡಿದೆ.

ಲ್ಯಾಬಿನ ಬೀರುವಿನಲ್ಲಿ 60 ಮಿಲಿಮೀಟರಿನ ಒಂದು ಟೆಲಿಸ್ಕೋಪ್ ಧೂಳು ಹಿಡಿದು ಬಿದ್ದಿತ್ತು. ಅದನ್ನು ಸೂರ್ಯನ ಕಡೆ ತಿರುಗಿಸಿ, ಐಪೀಸಿನಿಂದ (ನಾವು ಕಣ್ಣಿಡುವ ಕಡೆಯ ಮಸೂರ) ಒಂದಡಿಗಿಂತ ಸ್ವಲ್ಪ ದೂರದಲ್ಲಿ ಒಂದು ಹಲಗೆ ನಿಲ್ಲಿಸಿ, ಅದರ ಮೇಲೆ ಹಾಳೆ ಅಂಟಿಸಿದರೆ 10 ಸೆಂಟಿಮೀಟರ್ ಅಗಲದ ಸೂರ್ಯ ಹಾಳೆಯ ಮೇಲೆ ಬೀಳುತ್ತಾನೆ. ಹಾಳೆಯಲ್ಲಿ ಅಷ್ಟೇ ಅಗಲದ ವೃತ್ತ ಬರೆದಿಟ್ಟು, ಸೂರ್ಯನ ಮೈಮೇಲಿನ ಕಪ್ಪು ಕಲೆ ದಿನದಿನಕ್ಕೆ ಎಷ್ಟು ಜರುಗಿತು ಎಂದು ಗುರುತಿಸಿದರೆ ಸೂರ್ಯ ಎಷ್ಟು ಬೇಗ ತಿರುಗುತ್ತಾನೆ ಎಂಬುದು ಸಿಗುತ್ತದೆ. ನೀನೂ ಇದನ್ನು ಮಾಡುವುದಾದರೆ ಮೊದಲೇ ಒಂದು ಮಾತು: ಯಾವ ಕಾರಣಕ್ಕೂ ಐಪೀಸಿಗೆ ಕಣ್ಣಿಡಬೇಡ, ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ಫೈಂಡರಿಗೂ ಮುಚ್ಚಳ ಹಾಕಿಬಿಡು. ಅಂಗಳದಲ್ಲಿ ಮಕ್ಕಳಿದ್ದರೆ ಟೆಲಿಸ್ಕೋಪ್ ಬಿಟ್ಟು ನೀರು ಕುಡಿಯಲೂ ಹೋಗಬೇಡ. ಒಂದು ಕ್ಷಣ ಸಾಕು, ಕಣ್ಣು ಹೋಗುತ್ತದೆ.

ಹಾಳೆಯ ಮೇಲಿನ ಸೂರ್ಯ ನಿಲ್ಲುವುದಿಲ್ಲ. ಭೂಮಿ ತಿರುಗುತ್ತಲೇ ಇರುತ್ತದಲ್ಲ, ಎರಡು ನಿಮಿಷ ಆಗುವಷ್ಟರಲ್ಲಿ ತನ್ನ ಅಗಲದಷ್ಟು ಜರುಗಿ ವೃತ್ತದಿಂದ ಆಚೆ ಹೋಗಿಬಿಡುತ್ತಾನೆ. ಮತ್ತೆ ಎಳೆದು ತಂದು ವೃತ್ತದೊಳಗೆ ಕೂರಿಸಬೇಕು, ಕಲೆಗೆ ಚುಕ್ಕೆ ಇಡಬೇಕು, ಮತ್ತೆ ಎಳೆಯಬೇಕು. ಈ ಜರುಗಾಟ ಕಾಟ ಅಂತಲೇ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ದಿಕ್ಕು ತೋರಿಸುವುದೇ ಅದು ಅಂತ. ಟೆಲಿಸ್ಕೋಪನ್ನು ಅಲುಗಾಡಿಸದೆ ಬಿಟ್ಟರೆ ಕಲೆ ಹಾಳೆಯ ಮೇಲೆ ಯಾವ ಗೆರೆಯಲ್ಲಿ ಜರುಗುತ್ತದೋ ಅದೇ ಪೂರ್ವ-ಪಶ್ಚಿಮ. ಸೂರ್ಯನ ಅಕ್ಷ ನಮ್ಮ ಉತ್ತರ-ದಕ್ಷಿಣ ಗೆರೆಗೆ 26 ಡಿಗ್ರಿಯಷ್ಟು ಓರೆಯಾಗುವುದೂ ಉಂಟು, ಆ ಓರೆ ಪ್ರತಿದಿನ ಎಷ್ಟು ಎಂಬುದಕ್ಕೆ ಪಂಚಾಂಗದಂಥ ಕೋಷ್ಟಕಗಳಿವೆ. ಇದ್ಯಾವುದೂ ತಿಳಿಯದೆ ನಾನು ಮೊದಲ ಮೂರು ದಿನದ ಹಾಳೆಗಳಲ್ಲಿ ದಿಕ್ಕನ್ನೇ ಗುರುತಿಸಿರಲಿಲ್ಲ. ಅಂದಾಜಿನ ಮೇಲೆ ತಿರುಗಿಸಿ ಹೊಂದಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಮೂರನ್ನೂ ಕೈಬಿಟ್ಟೆ, ಏಕೆ ಕೈಬಿಟ್ಟೆ ಎಂಬುದನ್ನು ಪ್ರಬಂಧದಲ್ಲೇ ಬರೆದೆ.

ಅದು 2024ರ ಮೇ ತಿಂಗಳು. ಎಂಥ ಕಲೆ ಸಿಕ್ಕಿತ್ತು ಗೊತ್ತಾ! ಖಗೋಳದವರು 13664 ಎಂದು ಸಂಖ್ಯೆ ಕೊಟ್ಟ ಸೌರಕಲೆಗಳ ಗುಂಪು ಅದು. ದಿನದಿಂದ ದಿನಕ್ಕೆ ಬೆಳೆದು ಎರಡು ಲಕ್ಷ ಕಿಲೋಮೀಟರಿನಷ್ಟು ಉದ್ದವಾಯಿತು. ನನ್ನ ಹಾಳೆಯ ಮೇಲೆ ಅದು ಹದಿನಾಲ್ಕು ಮಿಲಿಮೀಟರ್. ಮೇ 10ರ ರಾತ್ರಿ ಅದರಿಂದ ಸಿಡಿದು ಬಂದ ಕಣಗಳು ಭೂಮಿಗೆ ಬಡಿದು, 2003ರ ನಂತರದ ಅತಿ ಪ್ರಬಲ ಕಾಂತ ಬಿರುಗಾಳಿ ಎದ್ದಿತು. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಮರುದಿನ ಆ ಫೋಟೊಗಳನ್ನು ಮೊಬೈಲಿನಲ್ಲಿ ನೋಡಿದ ಮೇಲೆ ಹಿಂದಿನ ದಿನದ ನನ್ನ ಹಾಳೆ ತೆಗೆದು ಆ ಪೆನ್ಸಿಲ್ ಗುರುತುಗಳನ್ನು ಬೆರಳಿನಿಂದ ಮುಟ್ಟಿದೆ. ಬೆಳಿಗ್ಗೆ ಎಂಟು ಗಂಟೆಗೆ, ಹಾಸ್ಟೆಲಿನ ಒಗೆದ ಬಟ್ಟೆಗಳ ಮಧ್ಯೆ ನಿಂತು ನಾನು ಬರೆದುಕೊಂಡದ್ದು ಇದೇ ಕಲೆ. ಆ ಕ್ಷಣ ಮೈ ಜುಮ್ಮೆಂದದ್ದು ಇವತ್ತಿಗೂ ನೆನಪಿದೆ.

ಇನ್ನು ಲೆಕ್ಕ. ಮೇ 6ರಿಂದ 12ರವರೆಗೆ, 9ರಂದು ಮೋಡ ಇದ್ದದ್ದು ಬಿಟ್ಟರೆ, ಆರು ಹಾಳೆ ಉಳಿದವು. ಮೊದಲು ನಾನು ಮಾಡಿದ್ದು ಪೆದ್ದು ಲೆಕ್ಕ. ಒಂದು ದಿನಕ್ಕೆ ಕಲೆ ಇಷ್ಟು ಮಿಲಿಮೀಟರ್ ಜರುಗಿದರೆ ವೃತ್ತದ ಅಗಲ ದಾಟಲು ಎಷ್ಟು ದಿನ, ಅದರ ಎರಡರಷ್ಟು ಒಂದು ಸುತ್ತು. 6 ಮತ್ತು 7ರ ಹಾಳೆಯಿಂದ 18 ದಿನ ಬಂತು. 11 ಮತ್ತು 12ರ ಹಾಳೆಯಿಂದ 36 ದಿನ! ಸೂರ್ಯ ಅದೇ, ಕಲೆ ಅದೇ, ಉತ್ತರ ಎರಡು. ರಾತ್ರಿಯೆಲ್ಲ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬಲ್ಬಿಗೆ ಹಿಡಿದು ನೋಡಿದೆ. ಕಲೆ ನಡುವೆ ಇದ್ದಾಗ ಓಡುತ್ತದೆ, ಅಂಚಿಗೆ ಹೋದ ಹಾಗೆ ತೆವಳುತ್ತದೆ, ಜೊತೆಗೆ ಸಪೂರವೂ ಆಗುತ್ತದೆ. ತಟ್ಟೆಯ ಮೇಲೆ ಜಾರುವ ವಸ್ತು ಹೀಗೆ ಮಾಡುವುದಿಲ್ಲ. ಚೆಂಡಿನ ಮೈಗೆ ಅಂಟಿಕೊಂಡದ್ದು ಮಾತ್ರ ಹೀಗೆ ಕಾಣುತ್ತದೆ.

ಆಮೇಲೆ ಓದುವಾಗ ತಿಳಿಯಿತು, 1612ರಲ್ಲಿ ಗೆಲಿಲಿಯೋ ಹಿಡಿದ ಎಳೆಯೂ ಇದೇ. ಈ ಕಲೆಗಳು ಸೂರ್ಯನನ್ನು ಸುತ್ತುವ ಸಣ್ಣ ಕಾಯಗಳಿರಬೇಕು ಎಂದು ಜರ್ಮನಿಯ ಪಾದ್ರಿ ಕ್ರಿಸ್ಟೋಫ್ ಶೈನರ್ ವಾದಿಸಿದ್ದ. ಅಂಚಿನಲ್ಲಿ ನಿಧಾನವಾಗುವುದನ್ನೂ ಸಪೂರವಾಗುವುದನ್ನೂ ತೋರಿಸಿ, ಇವು ಸೂರ್ಯನ ಮೈಮೇಲೇ ಇವೆ ಎಂದು ಗೆಲಿಲಿಯೋ ಉತ್ತರಿಸಿದ. ಆ ವಾದವನ್ನು ಅವನು ಬರೆದದ್ದೂ ಪತ್ರಗಳಲ್ಲೇ, ಆಗ್ಸ್‌ಬರ್ಗಿನ ಮಾರ್ಕ್ ವೆಲ್ಸರ್‌ಗೆ. ಹಾಳೆಯ ಮೇಲೆ ಬಿಂಬ ಬೀಳಿಸುವ ಉಪಾಯ ಅವನ ಶಿಷ್ಯ ಕ್ಯಾಸ್ಟೆಲಿಯದು. ಇದನ್ನೆಲ್ಲ ಮೊದಲೇ ಓದಿದ್ದರೆ ಪರೀಕ್ಷೆಗೆ ನೆನಪಿಟ್ಟುಕೊಂಡು ಮರೆಯುತ್ತಿದ್ದೆ. 18 ಮತ್ತು 36ರ ನಡುವೆ ಸಿಕ್ಕಿಕೊಂಡ ಮೇಲೆ ಓದಿದ್ದಕ್ಕೆ, ನಾನೂರು ವರ್ಷದ ಹಿಂದಿನವನು ಪಕ್ಕದಲ್ಲಿ ಕೂತು ಹೇಳಿಕೊಟ್ಟ ಹಾಗಾಯ್ತು.

ಚೆಂಡು ಅಂತ ಒಪ್ಪಿಕೊಂಡರೆ ಲೆಕ್ಕ ಸುಲಭ. ಸೂರ್ಯನ ಧ್ರುವದಿಂದ ಧ್ರುವಕ್ಕೆ ಹೋಗುವ ನಡುಗೆರೆಯಿಂದ ಕಲೆಗಿರುವ ದೂರವನ್ನು ಆ ಅಕ್ಷಾಂಶದ ಅಡ್ಡಗೆರೆಯ ಅರ್ಧ ಉದ್ದದಿಂದ ಭಾಗಿಸಿದರೆ ಕೋನದ ಸೈನ್ ಸಿಗುತ್ತದೆ. ಕೋನ ದಿನದಿನಕ್ಕೆ ಎಷ್ಟು ಬದಲಾಯಿತು ಎಂದು ಗ್ರಾಫ್ ಹಾಕಿದೆ, ನೇರ ಗೆರೆ ಬಂತು. ಒಂದು ಸುತ್ತಿಗೆ 27.9 ದಿನ. ಆದರೆ ನಾವು ನಿಂತು ನೋಡುವ ಭೂಮಿಯೂ ಅದೇ ದಿಕ್ಕಿನಲ್ಲಿ ಸೂರ್ಯನನ್ನು ಸುತ್ತುತ್ತಿದೆಯಲ್ಲ, ಕಲೆ ನಮ್ಮೆದುರು ಮತ್ತೆ ಬರಲು ಸ್ವಲ್ಪ ಹೆಚ್ಚೇ ತಿರುಗಬೇಕು. ಅದನ್ನು ಕಳೆದರೆ 25.9 ದಿನ.

ತಪ್ಪಿನ ಅಂದಾಜು ಹಾಕುವಾಗಲೇ ನಾನು ಏನಾದರೂ ಕಲಿತೆ ಅನ್ನಿಸಿದ್ದು. ನನ್ನ ಪೆನ್ಸಿಲ್ ಒಂದು ಮಿಲಿಮೀಟರ್ ಆಚೀಚೆ ಆದರೆ ಸೂರ್ಯನ ನಡುವೆ ಅದು ಒಂದು ಡಿಗ್ರಿ ಚಿಲ್ಲರೆ. 12ರ ಹಾಳೆಯಲ್ಲಿ ಅದೇ ಮಿಲಿಮೀಟರ್ ಮೂರು ಡಿಗ್ರಿ. 13ರಂದೂ ಹಾಳೆ ಬರೆದಿದ್ದೆ, ಕಲೆ ಅಂಚಿಗೆ ತಾಗಿಕೊಂಡಿತ್ತು, ಅಲ್ಲಿ ಆರು ಡಿಗ್ರಿ! ಅದಕ್ಕೇ ಅದನ್ನು ಬಿಟ್ಟೆ. ಗುಂಪು ದಿನಾ ಆಕಾರ ಬದಲಿಸುತ್ತಿತ್ತು, ಅದರ ನಡು ಯಾವುದು ಎಂಬುದೇ ಇನ್ನೊಂದು ಅನುಮಾನ. ಸೂರ್ಯನ ಅಕ್ಷ ನಮ್ಮ ಕಡೆಗೋ ಆಚೆಗೋ ಏಳೂಕಾಲು ಡಿಗ್ರಿಯವರೆಗೆ ವಾಲುತ್ತದೆ, ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಲ್ಲ ಸೇರಿಸಿ ಒಂದು ದಿನದಷ್ಟು ಹೆಚ್ಚುಕಡಿಮೆ ಇರಬಹುದು ಎಂದು ಬರೆದೆ. ಆ ಅಕ್ಷಾಂಶಕ್ಕೆ ತಿಳಿದವರು ಕೊಡುವ ಬೆಲೆ ಸುಮಾರು 25.3. ಜೊತೆಗಿದ್ದವನೊಬ್ಬ, "ಒಂದು ಚುಕ್ಕೆ ಎರಡು ಮಿಲಿಮೀಟರ್ ಸರಿಸು, ಸರಿಯಾಗಿ ಕೂರುತ್ತೆ" ಅಂದ. ನಿಜ ಹೇಳುತ್ತೇನೆ, ಒಂದು ಗಳಿಗೆ ಆಸೆ ಆಯ್ತು. ಆದರೆ 25.3 ಅನ್ನುವುದು ಪುಸ್ತಕದ ಸಂಖ್ಯೆ, ಅದು ನನಗೆ ಮೊದಲೂ ಗೊತ್ತಿತ್ತು. 25.9 ನನ್ನದು. ಅದರ ಪ್ರತಿಯೊಂದು ಚುಕ್ಕೆ ಎಲ್ಲಿಂದ ಬಂತು ಅಂತ ನಾನು ಹೇಳಬಲ್ಲೆ. ವೈವಾದಲ್ಲಿ ಬಂದ ಪರೀಕ್ಷಕರು ಕೇಳಿದ್ದೂ ಬರೀ ಆ ಒಂದು ದಿನದ ತಪ್ಪಿನ ಬಗ್ಗೆ. ಇಪ್ಪತ್ತು ನಿಮಿಷ ಮಾತಾಡಿದೆವು.

ಆ ಗುಂಪು ಸೂರ್ಯನ ಬೆನ್ನ ಹಿಂದೆ ಹೋಗಿ ಮೇ ಕೊನೆಗೆ 13697 ಎಂಬ ಹೊಸ ಸಂಖ್ಯೆಯೊಂದಿಗೆ ಮತ್ತೆ ಬಂತು. ಜೂನ್ ಮೊದಲ ವಾರ ಅದು ನಡುಗೆರೆ ದಾಟುವುದನ್ನು ಹಿಡಿದಿದ್ದರೆ ಒಂದು ಪೂರ್ತಿ ಸುತ್ತು ನೇರವಾಗಿ ಸಿಗುತ್ತಿತ್ತು. ಮೋಡ ಕಟ್ಟಿತು, ಸಿಗಲಿಲ್ಲ. ಅದನ್ನೂ ಹಾಗೆಯೇ ಬರೆದೆ.

ಈಗ ನಿನ್ನ ವಿಷಯ. ತೀರ್ಥಹಳ್ಳಿಯಲ್ಲಿ ಈ ಮಳೆಗೆ ಸೂರ್ಯನನ್ನು ಕಾಯುವುದು ಆಗದ ಮಾತು. ಆದರೆ ಕೊಡೈಕನಾಲ್ ಇದೆಯಲ್ಲ! ಅಲ್ಲಿನ ಸೌರ ವೀಕ್ಷಣಾಲಯ ಶುರುವಾದದ್ದು 1899ರಲ್ಲಿ. ಬಿಸಿಲಿದ್ದ ದಿನ ಸೂರ್ಯನ ಫೋಟೊ ತೆಗೆದಿಡುವ ಕೆಲಸ 1904ರಿಂದ ನಡೆದಿದೆ, ಒಂದೊಂದು ಬಿಂಬವೂ ಸುಮಾರು 20 ಸೆಂಟಿಮೀಟರ್ ಅಗಲ. ಸೌರಕಲೆಯ ಹೊರ ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುತ್ತದೆ ಎಂದು ಖಗೋಳ ವಿಜ್ಞಾನಿ ಎವರ್‌ಶೆಡ್ 1909ರಲ್ಲಿ ಕಂಡದ್ದು ಅಲ್ಲೇ. ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಆ ಗಾಜಿನ ಫಲಕಗಳನ್ನೆಲ್ಲ ಡಿಜಿಟಲ್ ಮಾಡಿ ಸಾರ್ವಜನಿಕರಿಗೆ ತೆರೆದಿಟ್ಟಿದೆ. ದುಡ್ಡು ಕೊಡಬೇಕಾಗಿಲ್ಲ.

ಆ ವೀಕ್ಷಣಾಲಯ ಹುಟ್ಟಿದ ಕಥೆ ನನಗೆ ಯಾಕೋ ತುಂಬ ಹತ್ತಿರದ್ದು. 1876ರಿಂದ ದಕ್ಷಿಣವನ್ನು ಸುಟ್ಟ ಬರದ ನಂತರ, ಸೂರ್ಯನ ಏರಿಳಿತಕ್ಕೂ ಮುಂಗಾರು ಕೈಕೊಡುವುದಕ್ಕೂ ನಂಟಿದೆಯೇ ಎಂದು ತಿಳಿಯುವ ಆಸೆ ಅದಕ್ಕೆ ಒಂದು ಕಾರಣ. ನಮ್ಮ ಸೀಮೆಯಲ್ಲಿ ಅದೇ ಧಾತು ಈಶ್ವರ ಬರ. ನಾನು ತಟ್ಟೆಯಲ್ಲಿ ಮುದ್ದೆ ಬಿಟ್ಟರೆ ನಮ್ಮಜ್ಜಿ "ಧಾತು ಈಶ್ವರದಾಗೆ ಏನ್ ತಿಂದ್ರು ಗೊತ್ತೇನ್ಲಾ" ಅನ್ನುತ್ತಿದ್ದಳು. ಆ ಬರಕ್ಕೂ ಈ ಫಲಕಗಳಿಗೂ ಸಂಬಂಧ ಇದೆ ಎಂದು ಓದಿದ ದಿನ ಅಜ್ಜಿ ಇರಬೇಕಿತ್ತು ಅನ್ನಿಸಿತು.

ಆ ಫೋಟೊಗಳಿಂದ ನೀನು ಕೇಳಬಹುದಾದ ಪ್ರಶ್ನೆ ಇದು: ಸೂರ್ಯನ ಸಮಭಾಜಕದ ಹತ್ತಿರದ ಕಲೆಗಳಿಗಿಂತ ದೂರದ ಕಲೆಗಳು ನಿಧಾನವಾಗಿ ಸುತ್ತುತ್ತವೆಯೇ? ಸೂರ್ಯ ಗಟ್ಟಿ ಉಂಡೆಯಲ್ಲ, ಸಮಭಾಜಕದ ಭಾಗ ಬೇಗ ತಿರುಗುತ್ತದೆ ಎಂದು ಇಂಗ್ಲೆಂಡಿನ ಖಗೋಳ ವಿಜ್ಞಾನಿ ಕ್ಯಾರಿಂಗ್ಟನ್ 1850ರ ದಶಕದಲ್ಲಿ ದಿನಾ ಕಲೆ ಗುರುತಿಸಿಯೇ ಕಂಡುಕೊಂಡ. ಆದರೆ ಕೆಲಸಕ್ಕೆ ಕೈ ಹಾಕುವ ಮೊದಲು ಈ ಲೆಕ್ಕ ಮಾಡಿಕೋ. 10 ಡಿಗ್ರಿಯ ಕಲೆಗೂ 30 ಡಿಗ್ರಿಯ ಕಲೆಗೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ದಿನ. ನನ್ನಂತೆ ಒಂದು ದಿನದ ತಪ್ಪಿಟ್ಟುಕೊಂಡು ಒಂದೊಂದೇ ಕಲೆ ಅಳೆದರೆ ನಿನಗೆ ಏನೂ ಕಾಣುವುದಿಲ್ಲ. ಒಂದೊಂದು ಕಡೆ ಹತ್ತತ್ತು ಕಲೆ ತೆಗೆದುಕೊಂಡು ಸರಾಸರಿ ಮಾಡಿದರೆ ತಪ್ಪು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಬಿಂಬ ನನ್ನದರ ಎರಡರಷ್ಟು ಇರುವುದರಿಂದ ಇನ್ನೂ ಇಳಿಯುತ್ತದೆ. ಆಗ ವ್ಯತ್ಯಾಸ ಎದ್ದು ಕಾಣಬೇಕು. ದೂರದ ಕಲೆಗಳು ಸಿಗುವುದು ಕಲೆಗಳು ಹೆಚ್ಚಿ ಕಡಿಮೆಯಾಗುವ ಸುಮಾರು 11 ವರ್ಷದ ಸೌರಚಕ್ರ ಶುರುವಾದ ಹೊಸತರಲ್ಲಿ. ಚಕ್ರ ಮುಗಿಯುತ್ತ ಬಂದಂತೆ ಕಲೆಗಳು ಸಮಭಾಜಕದ ಕಡೆ ಇಳಿಯುತ್ತವೆ. ದಾಖಲೆಯಲ್ಲೇ ಅತಿ ಪ್ರಬಲವಾದ ಚಕ್ರ 1954ರಲ್ಲಿ ಶುರುವಾದದ್ದು, ಹಾಗಾಗಿ 1955, 1956ರ ಫೋಟೊಗಳಿಂದ ಹುಡುಕು.

ಬರೆಯುವುದರ ಬಗ್ಗೆಯೂ ಕೇಳಿದ್ದೆ. ಪೀಠಿಕೆಯಿಂದ ಶುರು ಮಾಡಬೇಡ, ಅಲ್ಲೇ ಮುಳುಗುತ್ತೀಯ. ಏನು ಮಾಡಿದೆ ಎಂಬ ಭಾಗವನ್ನು ಅವತ್ತವತ್ತೇ ಬರೆದಿಡು, ಚಿತ್ರ ಮತ್ತು ಗ್ರಾಫ್ ಮೊದಲು ಜೋಡಿಸು, ಪೀಠಿಕೆ ಮತ್ತು ಸಾರಾಂಶ ಕೊನೆಗೆ. ಹಳೆಯ ಪ್ರಬಂಧಗಳು ಖಗೋಳ ಲೇಖನಗಳ ಆನ್‌ಲೈನ್ ಸಂಗ್ರಹವಾದ ನಾಸಾದ ಎಡಿಎಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಯಾರ ಮಾತು ಬಳಸಿದರೂ ಆ ಸಾಲಿನ ಪಕ್ಕದಲ್ಲೇ ಅವರ ಹೆಸರು ಹಾಕು, ಆಮೇಲೆ ಹಾಕುತ್ತೇನೆ ಅಂದರೆ ಯಾವುದು ಯಾರದು ಎಂದು ನಿನಗೇ ಗೊತ್ತಾಗುವುದಿಲ್ಲ. ಕಪ್ಪುಕುಳಿಯ ಮೂವತ್ತು ಪುಟ ದಂಡ ಅಂತ ತಿಳಿಯಬೇಡ, ಆ ಓದು ನಿನ್ನೊಳಗಿದೆ. ಆದರೆ ಈ ಪ್ರಬಂಧಕ್ಕೆ ಅದನ್ನು ತರಬೇಡ.

ನನ್ನ ಆರು ಹಾಳೆಗಳ ಫೋಟೊ ಕಳಿಸುತ್ತಿದ್ದೇನೆ, ಕೈಬಿಟ್ಟ ನಾಲ್ಕನ್ನೂ ಸೇರಿಸಿ. ಭಾನುವಾರ ಸಂಜೆ ನಾನೇ ಫೋನ್ ಮಾಡುತ್ತೇನೆ. ಅಷ್ಟರಲ್ಲಿ 1956ರ ಯಾವುದಾದರೂ ಒಂದು ವಾರದ ಫೋಟೊ ಇಳಿಸಿಕೊಂಡು, ಒಂದೇ ಒಂದು ಕಲೆಯನ್ನು ಅಳೆದಿಟ್ಟಿರು. ಎಷ್ಟು ಬಂತು ಅಂತ ಕೇಳಬೇಕು ನನಗೆ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ