ಜರ್ಮನ್ ಕೇಕನ್ನು ಇಂಗ್ಲಿಷಿಗೆ ತರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಜರ್ಮನ್ ಬೇಕಿಂಗ್ ಪುಸ್ತಕವೊಂದನ್ನು ಇಂಗ್ಲಿಷಿಗೆ ಮಾಡುವ ಕೆಲಸ ಸಿಕ್ಕಿದೆ ಅಂತ ಬರೆದಿದ್ದೀಯ. ತುಂಬಾ ಖುಷಿಯಾಯಿತು. ಜೊತೆಗೆ ಪದಗಳ ಪಟ್ಟಿ ಕಳಿಸಿ, ಎದುರಿಗೆ ಇಂಗ್ಲಿಷ್ ಪದ ಬರೆದುಕೊಡು ಅಂದಿದ್ದೀಯ. ಬರೆದುಕೊಡುತ್ತೇನೆ. ಆದರೆ ಮೊದಲು ಪ್ರಕಾಶಕರನ್ನು ಒಂದು ಮಾತು ಕೇಳು. ಪುಸ್ತಕ ಹೋಗುವುದು ಲಂಡನ್ನಿಗೋ, ಅಮೆರಿಕಕ್ಕೋ? ಜರ್ಮನ್ನರ ಷ್ಪೈಜಷ್ಟೆರ್ಕ ಬ್ರಿಟನ್ನಿನಲ್ಲಿ, ನಮ್ಮಲ್ಲೂ, ಕಾರ್ನ್‌ಫ್ಲೋರ್. ಅಮೆರಿಕದಲ್ಲಿ ಅದು ಕಾರ್ನ್‌ಸ್ಟಾರ್ಚ್. ಅಲ್ಲಿಯವರಿಗೆ ಕಾರ್ನ್‌ಫ್ಲೋರ್ ಅಂದರೆ ನುಣ್ಣಗೆ ಬೀಸಿದ ಮೆಕ್ಕೆಜೋಳದ ಹಿಟ್ಟು. ಕತೆಯ ಅನುವಾದದಲ್ಲಿ ಒಂದು ಪದ ಆಚೀಚೆಯಾದರೆ ಓದುಗರು ದಾಟಿಕೊಂಡು ಹೋಗುತ್ತಾರೆ. ಇಲ್ಲಿ ಹಾಗಲ್ಲ. ನಿನ್ನನ್ನು ನಂಬಿ ಯಾರೋ ಬೆಣ್ಣೆ, ಮೊಟ್ಟೆ ತಂದು ಅರ್ಧ ದಿನ ಒಲೆ ಮುಂದೆ ನಿಂತಿರುತ್ತಾರೆ. ನನಗೆ ಈ ಕೆಲಸ ಇಷ್ಟವಾಗುವುದೂ ಅದಕ್ಕೇ.

ಮೊದಲು ಹಿಟ್ಟಿನ ಮಾತು. ಪ್ರತಿ ಪುಟದಲ್ಲೂ ಟೈಪ್ 405, ಟೈಪ್ 550, ಟೈಪ್ 1050 ಅಂತ ಕಾಣುತ್ತದೆ. ಇದು ಕಂಪನಿಯ ಗುರುತಲ್ಲ. 100 ಗ್ರಾಂ ಒಣ ಹಿಟ್ಟನ್ನು 900 ಡಿಗ್ರಿಯಲ್ಲಿ ಪೂರ್ತಿ ಸುಟ್ಟರೆ ಎಷ್ಟು ಮಿಲಿಗ್ರಾಂ ಬೂದಿ ಉಳಿಯುತ್ತದೆ ಅನ್ನುವ ಲೆಕ್ಕ. ಖನಿಜಗಳು ಜಾಸ್ತಿ ಇರುವುದು ಗೋಧಿಯ ಹೊಟ್ಟಿನಲ್ಲಿ. ಹಾಗಾಗಿ ಅಂಕಿ ಏರಿದಷ್ಟೂ ಹಿಟ್ಟಿನಲ್ಲಿ ಹೊಟ್ಟು ಜಾಸ್ತಿ, ಬಣ್ಣವೂ ಕಂದು. ಇಂಗ್ಲಿಷ್ ಹೆಸರುಗಳು ನೋಡುವುದು ಬೇರೆಯದನ್ನೇ, ಹಿಟ್ಟಿನ ಶಕ್ತಿಯನ್ನು (ನಾದಿದಾಗ ಎಷ್ಟು ಜಿಗುಟಾಗುತ್ತದೆ ಅನ್ನುವುದನ್ನು), ಅದು ಯಾವ ಕೆಲಸಕ್ಕೆ ಅನ್ನುವುದನ್ನು: ಬ್ರೆಡ್ ಫ್ಲೋರ್, ಕೇಕ್ ಫ್ಲೋರ್, ಪ್ಲೇನ್ ಫ್ಲೋರ್. ಎರಡು ಅಳತೆಗೋಲೂ ಬೇರೆ ಆದ್ದರಿಂದ ಸರಿಸಮ ಪದ ಸಿಗುವುದೇ ಇಲ್ಲ. ಅಮೆರಿಕದ ಆಲ್‌ಪರ್ಪಸ್ ಹಿಟ್ಟಿಗೆ ಹತ್ತಿರದ್ದು 550. ಕೇಕಿಗೆ ಬಳಸುವ 405 ಅದಕ್ಕಿಂತ ಮೆದು. 1050ಕ್ಕೆ ನಾನು ಬ್ರೆಡ್ ಫ್ಲೋರ್ ಜೊತೆ ಇಡೀ ಗೋಧಿಯ ಹಿಟ್ಟು ಬೆರೆಸಲು ಹೇಳುತ್ತೇನೆ, ಮೂಲದ ಅಂಕಿಯನ್ನೂ ಪಕ್ಕದಲ್ಲಿ ಇಡುತ್ತೇನೆ. ಜರ್ಮನ್ ಹಿಟ್ಟು ಸಿಗುವ ಊರಿನವರಿಗೆ ಅದು ಬೇಕಾಗುತ್ತದೆ. ಅಂಕಿಯನ್ನು ಅಳಿಸಿ ಸುಮ್ನೆ ಫ್ಲೋರ್ ಅಂತ ಬರೆಯಬೇಡ.

ಅಳತೆಗಳ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಜರ್ಮನ್ ಅಡುಗೆಯವರು ಪೊಟ್ಟಣದ ಲೆಕ್ಕದಲ್ಲಿ ಮಾತಾಡುತ್ತಾರೆ. ಒಂದು ಪೆಕ್‌ಶನ್ ಬೇಕಿಂಗ್ ಪೌಡರ್, ಒಂದು ಪೆಕ್‌ಶನ್ ವೆನಿಲಾ ಸಕ್ಕರೆ, ಅಷ್ಟೇ. ಇದರ ಹಿಂದೆ ಬೀಲೆಫೆಲ್ಡ್ ಊರಿನ ಔಷಧಿ ಅಂಗಡಿಯ ಆಗುಸ್ಟ್ ಓಟ್ಕರ್ ಇದ್ದಾರೆ. 1890ರ ದಶಕದಲ್ಲಿ ಅವರು ಒಂದು ಪೌಂಡ್ ಹಿಟ್ಟಿಗೆ ಸರಿಹೋಗುವಷ್ಟು ಬೇಕಿಂಗ್ ಪೌಡರನ್ನು ಅಳೆದು ಸಣ್ಣ ಪೊಟ್ಟಣದಲ್ಲಿ ಮಾರಲು ಶುರುಮಾಡಿದರು. ಇವತ್ತಿಗೂ ಅದೇ ಲೆಕ್ಕ: ಸುಮಾರು 15 ಗ್ರಾಮಿನ ಪೊಟ್ಟಣ, 500 ಗ್ರಾಂ ಹಿಟ್ಟಿಗೆ. ಇಂಗ್ಲಿಷಿನಲ್ಲಿ ಒನ್ ಪ್ಯಾಕೆಟ್ ಅಂದರೆ ಓದುವವರು ಎಷ್ಟು ಹಾಕಬೇಕು ಹೇಳು? ಸುಮಾರು 4 ಟೀ ಚಮಚ ಅಂತ ಬಿಡಿಸಿ ಬರೆ. ವೆನಿಲಾ ಸಕ್ಕರೆಯ ಪೊಟ್ಟಣ 8 ಗ್ರಾಂ. ಒಣ ಯೀಸ್ಟ್ ಪೊಟ್ಟಣ 7 ಗ್ರಾಂ. ತಾಜಾ ಯೀಸ್ಟಿನ ಒಂದು ವ್ಯೂರ್ಫೆಲ್, ಅಂದರೆ ಪುಟ್ಟ ಇಟ್ಟಿಗೆಯಂಥ ತುಂಡು, 42 ಗ್ರಾಂ. ಇನ್ನು ಜರ್ಮನ್ನರ ಆಡುಮಾತಿನ ಪೌಂಡ್ 500 ಗ್ರಾಂ, ಅಮೆರಿಕದವರದು 454 ಗ್ರಾಂ. ಹೆಸರು ಒಂದೇ ಅಂತ ಹಾಗೇ ಬಿಟ್ಟರೆ ಬೆಣ್ಣೆ ಕಡಿಮೆ ಬೀಳುತ್ತದೆ. ಐನ್ ಬೆಶರ್ ಝಾನ ಅಂತ ಬಂದಾಗ ಒನ್ ಕಪ್ ಕ್ರೀಮ್ ಅಂತ ಬರೆಯಲು ಕೈ ತುರಿಸುತ್ತದೆ, ಅಲ್ವಾ? ಬರೆಯಬೇಡ. ಆ ಬೆಶರ್ ಅಂಗಡಿಯಲ್ಲಿ ಸಿಗುವ ಕ್ರೀಮಿನ ಡಬ್ಬಿ, ಸಾಮಾನ್ಯವಾಗಿ 200 ಗ್ರಾಂ. ಅಮೆರಿಕದ ಕಪ್ ಸುಮಾರು 240 ಮಿಲಿಲೀಟರ್.

ಒಲೆಯ ಶಾಖಕ್ಕೂ ಇದೇ ಮಾತು. ಓಬರ್ ಉಂಟರ್‌ಹಿಟ್ಸ ಅಂದರೆ ಮೇಲೆ ಕೆಳಗೆ ಕಾಯುವ ಮಾಮೂಲು ಓವನ್. ಉಮ್‌ಲುಫ್ಟ್ ಅಂದರೆ ಫ್ಯಾನ್ ಓವನ್. ಫ್ಯಾನ್ ಇದ್ದರೆ 20 ಡಿಗ್ರಿ ಕಡಿಮೆ. ಯಾವ ಓವನ್ ಅಂತ ಹೇಳದೆ ಬರೀ ಡಿಗ್ರಿ ಬರೆದರೆ ಸಾಲದು.

ನಿನ್ನ ಪಟ್ಟಿಯಲ್ಲಿ ಕ್ವಾರ್ಕ್ ಅನ್ನುವ ಮೆದು ಚೀಸಿನ ಎದುರಿಗೆ ಕಾಟೇಜ್ ಚೀಸ್ ಅಂತ ಪೆನ್ಸಿಲಿನಲ್ಲಿ ಬರೆದಿದ್ದೀಯ. ಎಷ್ಟೋ ನಿಘಂಟುಗಳಲ್ಲೂ ಹಾಗೇ ಇದೆ. ಆದರೆ ಕಾಟೇಜ್ ಚೀಸ್‌ನಲ್ಲಿ ಕಾಳು ಕಾಳು ಇರುತ್ತದೆ, ಹಾಲಿನಂಥ ನೀರೂ ಇರುತ್ತದೆ. ಕ್ವಾರ್ಕ್ ನುಣುಪು, ಹುಳಿ, ಚಮಚದಲ್ಲಿ ನಿಲ್ಲುವಷ್ಟು ಗಟ್ಟಿ. ಶ್ರೀಖಂಡಕ್ಕೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ಮಾಡುವ ಚಕ್ಕಾ ನೆನೆಸಿಕೋ, ಅದಕ್ಕೆ ತೀರಾ ಹತ್ತಿರ. ಕ್ರೀಮ್ ಚೀಸ್ ಹಾಕಿಸಿದರೆ ಜರ್ಮನ್ನರ ಹಗುರವಾದ ಕೇಜಕೂಖನ್ ಹೋಗಿ ನ್ಯೂಯಾರ್ಕ್ ಚೀಸ್‌ಕೇಕ್ ಆಗುತ್ತದೆ. ಕ್ವಾರ್ಕ್ ಅನ್ನುವ ಹೆಸರನ್ನು ಹಾಗೇ ಇಡು. ಸಿಗದಿದ್ದರೆ ನೀರು ಬಸಿದ ಗಟ್ಟಿ ಮೊಸರು ಅಂತ ಸೇರಿಸು. ಡಬ್ಬಿಯ ಮೇಲೆ 40% ಕೊಬ್ಬು ಅಂತ ಇದ್ದರೆ ಗಾಬರಿಯಾಗಬೇಡ. ಅದು ನೀರಿನಂಶ ತೆಗೆದ ಮೇಲಿನ ಲೆಕ್ಕ. ಕ್ವಾರ್ಕಿನಲ್ಲಿ ಮುಕ್ಕಾಲು ಪಾಲು ನೀರೇ. ನಿಜವಾದ ಕೊಬ್ಬು 10-11% ಅಷ್ಟೇ.

ಹುಳಿ ಕ್ರೀಮಿನ ಸಂಸಾರವೂ ಹೀಗೇ. ಝೌರ ಝಾನ ಅನ್ನುವುದನ್ನು ಪದಕ್ಕೆ ಪದ ತಿರುಗಿಸಿದರೆ ಸೋರ್ ಕ್ರೀಮ್. ಆದರೆ ಅದರಲ್ಲಿ ಕೊಬ್ಬು ಸುಮಾರು 10%. ಅಮೆರಿಕದ ಸೋರ್ ಕ್ರೀಮಿನಲ್ಲಿ ಕನಿಷ್ಠ 18% ಇರಲೇಬೇಕು. ಅದಕ್ಕೆ ಹೊಂದುವುದು ಶ್ಮಾಂಡ್, 20%ಕ್ಕಿಂತ ಜಾಸ್ತಿ ಕೊಬ್ಬಿನದು.

ಟೈಗ್ ಅನ್ನುವ ಪದದಲ್ಲಿ ಮಾತ್ರ ನಮಗೊಂದು ಅನುಕೂಲವಿದೆ. ಇಂಗ್ಲಿಷಿನವರಿಗೆ ನಾದುವುದು ಡೋ, ಹುಯ್ಯುವುದು ಬ್ಯಾಟರ್. ಜರ್ಮನ್ನರಿಗೆ ಎರಡೂ ಟೈಗ್. ನಮಗೂ ಚಪಾತಿ ಹಿಟ್ಟು, ದೋಸೆ ಹಿಟ್ಟು ಎರಡೂ ಹಿಟ್ಟೇ ತಾನೆ. ಆದ್ದರಿಂದ ಕ್ರಿಯಾಪದ ನೋಡು. ಕ್ನೇಟನ್ ಇದ್ದರೆ ನಾದುತ್ತಿದ್ದಾರೆ, ಡೋ. ರ್ಯೂರನ್ ಇದ್ದರೆ ಕದಡುತ್ತಿದ್ದಾರೆ, ಹೆಚ್ಚುಪಾಲು ಬ್ಯಾಟರ್. ಅದೇ ಟೈಗನ್ನು ಗೇಯನ್ ಲಾಸನ್ ಅಂದರೆ ಉಬ್ಬಲು ಬಿಡಿ ಅಂತ, ಎಲ್ಲಿಗೋ ಹೋಗಲು ಬಿಡಿ ಅಂತಲ್ಲ. ಬಿಸ್ಕ್ವೀಟ್ ಅಂದರೆ ಬಿಸ್ಕತ್ತಲ್ಲ, ಮೊಟ್ಟೆಯನ್ನು ನೊರೆ ಬರುವಂತೆ ಕಡೆದು ಮಾಡುವ ಸ್ಪಂಜ್ ಕೇಕ್. ಬಿಸ್ಕತ್ತಿಗೆ ಅವರು ಕೇಕ್ಸ್ ಅನ್ನುತ್ತಾರೆ. ಆ ಪದ ಇಂಗ್ಲಿಷಿನ ಕೇಕ್ ಪದದಿಂದಲೇ ಹೋದದ್ದು!

ಕ್ಯುಮ್ಮಲ್ ವಿಷಯದಲ್ಲಿ ನಮ್ಮಂಥ ಭಾರತೀಯರೇ ಎಡವುವುದು ಜಾಸ್ತಿ. ಕಾಳು ನೋಡಲು ಜೀರಿಗೆಯಂತಿದೆ, ಕೈ ತಾನಾಗಿ ಕ್ಯುಮಿನ್ ಅಂತ ಬರೆಯುತ್ತದೆ. ಅದು ಜೀರಿಗೆಯಲ್ಲ, ಕ್ಯಾರವೇ ಅನ್ನುವ ಬೇರೆ ಮಸಾಲೆ. ನಮ್ಮ ಜೀರಿಗೆಗೆ ಅವರ ಹೆಸರು ಕ್ರೊಯ್ಟ್ಸ್‌ಕ್ಯುಮ್ಮಲ್. ರೈ ಬ್ರೆಡ್ಡಿಗೆ ಜೀರಿಗೆ ಬಿದ್ದರೆ ಘಮ ಪೂರ್ತಿ ಬೇರೆಯಾಗುತ್ತದೆ. ಗ್ರೀಸ್ ನಮ್ಮ ರವೆ, ಮೋನ್ ಗಸಗಸೆ. ಇವು ಸುಲಭ.

ಸ್ಟೋಲನ್ (ಕ್ರಿಸ್‌ಮಸ್ಸಿನ ಒಣಹಣ್ಣಿನ ಬ್ರೆಡ್), ಲೇಬ್‌ಕೂಖನ್ (ಮಸಾಲೆ ಹಾಕಿದ ಕ್ರಿಸ್‌ಮಸ್ ತಿಂಡಿ), ಷ್ಪೆಟ್ಸ್‌ಲ (ಮೊಟ್ಟೆ ಹಾಕಿದ ಶಾವಿಗೆಯಂಥದ್ದು) ಇಂಥ ಹೆಸರುಗಳನ್ನು ಮುಟ್ಟಬೇಡ ಅನ್ನುವುದು ನನ್ನ ಅಭಿಪ್ರಾಯ. ಲೇಬ್‌ಕೂಖನ್‌ಗೆ ಜಿಂಜರ್‌ಬ್ರೆಡ್ ಅಂದರೆ ಓದುವವರು ಶುಂಠಿ ಹುಡುಕುತ್ತಾರೆ. ನ್ಯೂರ್ನ್‌ಬೆರ್ಗಿನ ಎಲೀಸನ್ ಲೇಬ್‌ಕೂಖನ್‌ನಲ್ಲಿ ಎದ್ದು ಕಾಣುವುದು ಬಾದಾಮಿ, ಹೇಝಲ್‌ನಟ್, ದಾಲ್ಚಿನ್ನಿ, ಲವಂಗ, ಏಲಕ್ಕಿ. ಹಿಟ್ಟು 10%ಕ್ಕಿಂತ ಜಾಸ್ತಿ ಇರಬಾರದು. ಅಂಥ ತಿಂಡಿಗೆ ಬ್ರೆಡ್ ಅನ್ನುವ ಹೆಸರೇ ಹೊಂದುವುದಿಲ್ಲ.

ಹಿರ್ಶ್‌ಹಾರ್ನ್‌ಸಾಲ್ಟ್ಸ್, ಪೊಟಾಷ ಅಂತ ಪಟ್ಟಿಯ ಕೊನೆಗೆ ಎರಡು ಪದ ಇವೆಯಲ್ಲ, ಅವೆರಡೂ ಹಿಟ್ಟು ಉಬ್ಬಿಸುವ ಹಳೆಯ ಉಪ್ಪುಗಳು. ಮೊದಲನೆಯದು ಬೇಕರ್ಸ್ ಅಮೋನಿಯಾ. ತೆಳುವಾದ, ಚಪ್ಪಟೆ ಬಿಸ್ಕತ್ತಿಗೆ ಮಾತ್ರ ಅದು ಸರಿ, ಯಾಕೆಂದರೆ ದಪ್ಪ ಕೇಕಿನಲ್ಲಿ ಅಮೋನಿಯಾ ವಾಸನೆ ಹೊರಗೆ ಹೋಗುವುದಿಲ್ಲ. ಎರಡನೆಯದು ಪೊಟ್ಯಾಸಿಯಂ ಕಾರ್ಬೊನೇಟ್. ಇವನ್ನು ಬೇಕಿಂಗ್ ಸೋಡಾ ಅಂತ ಬದಲಿಸುವ ಮೊದಲು ಆ ಪುಟಗಳ ಫೋಟೋ ಕಳಿಸು, ಅಳತೆ ನೋಡಿ ಹೇಳುತ್ತೇನೆ. ಉಳಿದ ಪದಗಳನ್ನು ಈ ವಾರದೊಳಗೆ ಬರೆದು ಕಳಿಸುತ್ತೇನೆ.

ನಿನ್ನ ಗೆಳೆಯ