‘ಇವರದು ಯಾವ ದೇಶ?’

ಮಾನ್ಯ ಸಂಪಾದಕರೇ,

ಯಲ್ಲಾಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ನನ್ನ ವಿದ್ಯಾರ್ಥಿಯಾಗಿದ್ದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಯುವಕನೊಬ್ಬ ಈಚೆಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ನಾನೂ ಜೊತೆಗಿದ್ದೆ. ಮನೆ ಮಾಲೀಕರು ಅವನನ್ನು ಕಂಡವರೇ ನನ್ನತ್ತ ತಿರುಗಿ, ‘ಇವರದು ಯಾವ ದೇಶ?’ ಎಂದರು. ‘ಉತ್ತರ ಕನ್ನಡ’ ಎಂದು ಅವನೇ ಉತ್ತರಿಸಿದ. ಆಧಾರ್ ಕಾರ್ಡ್ ತೋರಿಸಿದ ಮೇಲೂ, ಮನೆ ನೆಂಟರಿಗೆ ಬೇಕಾಗಿದೆ ಎಂಬ ಸಬೂಬು ಬಂತು. ಬಾಡಿಗೆಗಿದೆ ಎಂಬ ಫಲಕ ಮಾತ್ರ ಮರುವಾರವೂ ಗೇಟಿನಲ್ಲೇ ತೂಗುತ್ತಿತ್ತು.

ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದ ಆಫ್ರಿಕನ್ನರಲ್ಲಿ ತಪ್ಪಿಸಿಕೊಂಡು ಬಂದು ಘಟ್ಟದ ಕಾಡು ಸೇರಿದವರ ಸಂತತಿ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಗಳಲ್ಲಿ ತಲೆಮಾರುಗಳಿಂದ ಬಾಳುತ್ತಿದೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು; 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇದನ್ನೆಲ್ಲ ಅಂದು ಆ ಮಾಲೀಕರಿಗೆ ಆವೇಶದಿಂದಲೇ ವಿವರಿಸಿದೆ. ‘ಇವನು ನಮ್ಮವನು’ ಎಂದೂ ವಾದಿಸಿದೆ. ಅವನು ನಿಜಕ್ಕೂ ಆಫ್ರಿಕಾದವನೇ ಆಗಿದ್ದರೆ ಬಾಗಿಲು ಮುಚ್ಚುವುದು ಸರಿಯಾಗುತ್ತಿತ್ತೇ ಎಂಬ ಪ್ರಶ್ನೆ ಹೊಳೆದದ್ದು ಬಸ್ಸು ಹತ್ತಿದ ಮೇಲೆ. 2016ರ ಜನವರಿಯಲ್ಲಿ ಇದೇ ನಗರದ ಹೊರವಲಯದಲ್ಲಿ ಸುಡಾನಿನವನೊಬ್ಬನ ಕಾರು ಡಿಕ್ಕಿಯಾಗಿ ಮಹಿಳೆಯೊಬ್ಬರು ಸತ್ತಾಗ, ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿತ್ತು. ಅವಳ ಬಳಿ ತೋರಿಸಲು ಆಧಾರ್ ಇರಲಿಲ್ಲ.

ಇನ್ನು ನನ್ನ ತಪ್ಪು. ಸೇವೆಯಲ್ಲಿದ್ದ ಅಷ್ಟೂ ವರ್ಷ ತಾಲ್ಲೂಕು ಕ್ರೀಡಾಕೂಟದ ಓಟಕ್ಕೆ ಮೊದಲು ಬರೆಯುತ್ತಿದ್ದದ್ದು ಸಿದ್ದಿ ಮಕ್ಕಳ ಹೆಸರನ್ನೇ. ಅದನ್ನು ಪ್ರೋತ್ಸಾಹವೆಂದೇ ನಂಬಿದ್ದೆ. ಭಾರತೀಯ ಕ್ರೀಡಾ ಪ್ರಾಧಿಕಾರವೂ ಒಂದು ಕಾಲಕ್ಕೆ ಈ ಮಕ್ಕಳನ್ನು ಅಥ್ಲೆಟಿಕ್ಸ್‌ಗೆಂದು ಆಯ್ದುಕೊಂಡು ತರಬೇತಿ ಕೊಟ್ಟಿತ್ತು. ಅಂದು ಬಸ್ಸಿನಲ್ಲಿ ಆ ಯುವಕ, ‘ಭಾಷಣ ಸ್ಪರ್ಧೆಗೂ ಹೆಸರು ಕೊಟ್ಟಿದ್ದೆ ಸರ್, ನಿಮಗೆ ನೆನಪಿರಲಿಕ್ಕಿಲ್ಲ’ ಎಂದ. ಹೌದು, ನೆನಪಿರಲಿಲ್ಲ. ಮೈಬಣ್ಣ ನೋಡಿ ಮನೆ ನಿರಾಕರಿಸಿದವರಿಗೂ, ಮೈಕಟ್ಟು ನೋಡಿ ಓಟಕ್ಕೆ ಕಳಿಸಿದ ನನಗೂ ಎಷ್ಟು ದೂರ?

ಜನಾಂಗೀಯ ಭೇದದ ವಿರುದ್ಧದ ಕಾರ್ಯಕ್ರಮಗಳೆಂದರೆ ನಮ್ಮಲ್ಲಿ ಹೆಚ್ಚಾಗಿ ವೇದಿಕೆ, ಹಾರ, ಸಿದ್ದಿಗಳ ಡಮಾಮಿ ಕುಣಿತ; ಚಪ್ಪಾಳೆ ತಟ್ಟಿದವರು ಮನೆ ಬಾಡಿಗೆಗೆ ಕೊಡುತ್ತಾರೆಯೇ ಎಂದು ಯಾರೂ ಕೇಳುವುದಿಲ್ಲ. ಶಿಕ್ಷಣ ಇಲಾಖೆ ಶಿಕ್ಷಕರ ತರಬೇತಿಯಲ್ಲಿ, ಯಾವ ಮಗುವನ್ನು ಯಾವ ಸ್ಪರ್ಧೆಗೆ ಏಕೆ ಆರಿಸುತ್ತೇವೆ ಎಂಬ ಚರ್ಚೆಗೆ ಅರ್ಧ ದಿನವನ್ನಾದರೂ ಮೀಸಲಿಡಲಿ. ಕರೆದರೆ ನನ್ನ ಉದಾಹರಣೆಯನ್ನು ನಾನೇ ಬಂದು ಹೇಳುತ್ತೇನೆ.

– ನಿವೃತ್ತ ಶಿಕ್ಷಕ, ಯಲ್ಲಾಪುರ