ಅಳಿಸಿದ ಫೋಟೋ ಮತ್ತೆ ಬಂದರೆ

ಕ್ಷೇಮ

ಚಿ. ಪುಟ್ಟನಿಗೆ ನಿನ್ನ ಚಿಕ್ಕಪ್ಪ ಮಾಡುವ ಆಶೀರ್ವಾದಗಳು.

ನೀನು ಬರೆದದ್ದನ್ನು ಎರಡು ಸಲ ಓದಿದೆ. ಅಳಿಸಿದ ಫೋಟೋಗಳು ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಬಂದು ಕೂತಿರುತ್ತವೆ, ನಿನ್ನೆ ಬರೆದ ನೋಟ್ಸ್ ಮಾತ್ರ ಇರುವುದಿಲ್ಲ, ವೈರಸ್ ಇರಬೇಕು, ಎಲ್ಲ ಫಾರ್ಮ್ಯಾಟ್ ಮಾಡಿಬಿಡಲಾ ಅಂತ ಕೇಳಿದ್ದೀಯ. ಬೇಡ ಕಣೋ, ಕೈ ಹಚ್ಚಬೇಡ.

ಅದು ವೈರಸ್ ಅಲ್ಲ, ಲ್ಯಾಪ್‌ಟಾಪಿಗೆ ಚುಚ್ಚಿರುವ ಮೆಮೊರಿ ಕಾರ್ಡ್ ಸವೆದಿದೆ. ಕಾರ್ಡಿನಲ್ಲಿ ಒಂದೇ ಜಾಗವನ್ನು ಇಷ್ಟು ಸಲ ಅಳಿಸಿ ಬರೆಯಬಹುದು ಅಂತ ಮಿತಿ ಇರುತ್ತದೆ. ಅದು ಮುಗಿದಾಗ ಕೆಲವು ಕಾರ್ಡುಗಳು ಬರೆಯುವುದನ್ನು ನಿಲ್ಲಿಸಿಬಿಡುತ್ತವೆ. ಆದರೆ ಬಾಯಿಬಿಟ್ಟು ಹೇಳುವುದಿಲ್ಲ. 'ಹೂಂ, ಬರೆದೆ' ಅನ್ನುತ್ತವೆ, ಲ್ಯಾಪ್‌ಟಾಪ್ ನಂಬುತ್ತದೆ, ಮಾರನೇ ದಿನ ನೋಡಿದರೆ ಹಳೇದೇ ಇರುತ್ತದೆ. ಕಾರ್ಡಿನ ಪಕ್ಕದ ಲಾಕ್ ಗುಂಡಿ ಜಾರಿದ್ದರೆ ಹೀಗಾಗುವುದಿಲ್ಲ, ಅಳಿಸಲು ಹೋದ ಕ್ಷಣವೇ ಆಗುವುದಿಲ್ಲ ಅನ್ನುತ್ತದೆ. ಯಾವುದಕ್ಕೂ ಅದನ್ನೂ ಒಮ್ಮೆ ನೋಡಿಬಿಡು. ಓದಲಿಕ್ಕಾದರೂ ಬಿಡುತ್ತಿದೆಯಲ್ಲ, ಅದೇ ಪುಣ್ಯ. ಎಷ್ಟು ದಿನ ಬಿಡುತ್ತದೋ ಹೇಳಲಾಗದು. ನಕಲು ಇವತ್ತೇ ತೆಗೆ, ಅಂಗಡಿಗೆ ಆಮೇಲೆ ಹೋಗು.

ಇದರಲ್ಲಿ ನನ್ನ ತಪ್ಪೂ ಇದೆ. ನಿನಗೆ ಕೊಟ್ಟ ಆಸುಸ್ ಈ-ಪಿಸಿ 701 ಮೊದಲು ಬಂದದ್ದು 2007ರಲ್ಲಿ. ಏಳು ಇಂಚಿನ ಪರದೆ, 512 ಎಂಬಿ ರ‍್ಯಾಮ್, ಮದರ್‌ಬೋರ್ಡಿಗೇ ಬೆಸುಗೆ ಹಾಕಿದ 4 ಜಿಬಿ ಡಿಸ್ಕ್. ಅದನ್ನು ಬಿಚ್ಚಿ ದೊಡ್ಡದು ಹಾಕುವ ಹಾಗಿಲ್ಲ. ಜತೆಗೆ ಬಂದಿದ್ದ ಕ್ಸಾಂಡ್ರೋಸ್ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಮೂಲ ವ್ಯವಸ್ಥೆಯೆಲ್ಲ ಬರೆಯಲಾಗದ ಭಾಗದಲ್ಲಿ ಕೂತಿತ್ತು. ಬೇಡದ ಪ್ರೋಗ್ರಾಂ ಕಿತ್ತು ಹಾಕಿದರೂ ಜಾಗ ಉಳಿಯುತ್ತಿರಲಿಲ್ಲ. ಅದಕ್ಕೇ ನಾನು ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್ ಹಾಕಿ, ನಿನ್ನ ಫೋಟೋ, ನೋಟ್ಸ್ ಎಲ್ಲ ಇರುವ ಹೋಮ್ ಫೋಲ್ಡರನ್ನು ಪಕ್ಕದ 16 ಜಿಬಿ ಕಾರ್ಡಿಗೆ ಸಾಗಿಸಿದೆ. ಅಲ್ಲಿಯವರೆಗೆ ಸರಿ. ಆದರೆ ರ‍್ಯಾಮ್ ಸಾಲದು ಅಂತ ಸ್ವಾಪನ್ನೂ ಅದೇ ಕಾರ್ಡಿನ ಮೇಲೆ ಇಟ್ಟೆ. ನೀನು ಬ್ರೌಸರ್ ತೆರೆದಾಗಲೆಲ್ಲ ರ‍್ಯಾಮಿನಲ್ಲಿ ಹಿಡಿಸದ್ದು ಕಾರ್ಡಿಗೆ ಹೋಗಿ ಬೀಳುತ್ತಿತ್ತು. ದಿನಕ್ಕೆ ನಾಲ್ಕೈದು ಗಂಟೆ ಓದುವ ಹುಡುಗ ನೀನು. ಕಾರ್ಡ್ ತಾನೇ ಎಷ್ಟು ತಡೆದೀತು?

ಹಾಗಾಗಿ ಕಾರ್ಡಿಗಿಂತ ಮೊದಲು ರ‍್ಯಾಮ್ ತಗೋ. ಲ್ಯಾಪ್‌ಟಾಪಿನ ಡಿಡಿಆರ್2 ಅನ್ನುವ ಬಗೆ, 2 ಜಿಬಿಯದು ಒಂದು. ಈಗ ಸೆಕೆಂಡ್ ಹ್ಯಾಂಡೇ ಗತಿ, ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ನಾಲ್ಕು ಕಡೆ ವಿಚಾರಿಸು. ಬ್ಯಾಟರಿ ತೆಗೆದು, ಯಂತ್ರ ಬೋರಲು ಹಾಕಿ, ಸಣ್ಣ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿದರೆ ಸಾಕು, ಅಲ್ಲೇ ಕಾಣುತ್ತದೆ. ಇರುವುದು ಒಂದೇ ಸ್ಲಾಟ್, ಹಳೇದನ್ನು ತೆಗೆಯಲೇಬೇಕು. ಹೊಸದನ್ನು ಓರೆಯಾಗಿ ತೂರಿಸಿ ಮೆಲ್ಲಗೆ ಕೆಳಗೆ ಒತ್ತು. ಎರಡೂ ಕಡೆ ಕ್ಲಿಪ್ ಟಕ್ ಅನ್ನಬೇಕು.

ಕಾರ್ಡ್ 32 ಜಿಬಿ ಸಾಕು. ಆ ಸ್ಲಾಟ್ ಎಸ್‌ಡಿಎಚ್‌ಸಿ ಅನ್ನುವ ಬಗೆಯ ಕಾರ್ಡುಗಳ ಕಾಲದ್ದು, ಎಸ್‌ಡಿಎಚ್‌ಸಿ ನಿಲ್ಲುವುದೇ 32ಕ್ಕೆ. 64 ಹಾಕಿ ನೋಡಿದವರಿದ್ದಾರೆ, ಕೆಲವರಿಗೆ ನಡೆದಿದೆ. ಆದರೆ ಓದಿನ ನೋಟ್ಸ್ ಇಡುವ ಜಾಗದಲ್ಲಿ 'ಕೆಲವರಿಗೆ ನಡೆದಿದೆ' ಸಾಲದು, ಅಲ್ವಾ? ವೇಗದ ನಂಬರ್ ನೋಡಿ ಜಾಸ್ತಿ ದುಡ್ಡು ಸುರಿಯಬೇಡ. ಆ ಕಾರ್ಡ್ ರೀಡರ್ ಒಳಗಡೆ ಯುಎಸ್‌ಬಿ 2.0ಗೆ ಸೇರಿಕೊಂಡಿದೆ. ಲೆಕ್ಕದಲ್ಲೇ ಅದು ಸೆಕೆಂಡಿಗೆ 60 ಎಂಬಿ, ಕೈಗೆ ಸಿಗುವುದು ಅದರ ಅರ್ಧವೂ ಕಷ್ಟ. ನೋಡಬೇಕಾದ್ದು ಎ1 ಅನ್ನುವ ಗುರುತು. ಸಣ್ಣ ಸಣ್ಣ ತುಣುಕುಗಳನ್ನು ಸೆಕೆಂಡಿಗೆ 1500 ಸಲ ಓದಿ 500 ಸಲ ಬರೆಯುವಷ್ಟಾದರೂ ಕಾರ್ಡ್ ಚುರುಕಾಗಿದೆ ಅಂತ ಅರ್ಥ. ಹೋಮ್ ಫೋಲ್ಡರಿಗೆ ಬೇಕಾದ್ದು ಅದೇ. ಈ ಗುರುತು ಹೆಚ್ಚಾಗಿ ಚಿಕ್ಕ ಮೈಕ್ರೋ ಎಸ್‌ಡಿ ಕಾರ್ಡುಗಳ ಮೇಲೆ ಇರುತ್ತದೆ. ಅಡಾಪ್ಟರಿನಲ್ಲಿ ಹಾಕಿ ಬಳಸು, ತೊಂದರೆಯಿಲ್ಲ. ಅಡಾಪ್ಟರ್ ಮಾತ್ರ ಗಟ್ಟಿಯಾಗಿರಲಿ.

ಇನ್ನೊಂದು ವಿಷಯ, ನಿಮ್ಮಪ್ಪನಿಗೂ ಪೂರ್ತಿ ಹೇಳಿಲ್ಲ. ನಿಮ್ಮಜ್ಜಿ ಸೋಬಾನೆ ಹಾಡುತ್ತಿದ್ದದ್ದು ನಿನಗೆ ನೆನಪಿರಬೇಕು. ಮೂರು ದಿನ ಕೂತು ರೆಕಾರ್ಡ್ ಮಾಡಿದ್ದೆ. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಒಂದು ಅಂಗಡಿಯಲ್ಲಿ 32 ಜಿಬಿ ಕಾರ್ಡ್ ತಂದು, ಎಲ್ಲವನ್ನೂ ಅದಕ್ಕೆ ಹಾಕಿ, ರೆಕಾರ್ಡರನ್ನು ಖಾಲಿ ಮಾಡಿದೆ. ಫೈಲುಗಳ ಹೆಸರೆಲ್ಲ ಸಾಲಾಗಿ ಕಾಣುತ್ತಿತ್ತು. ಮೊದಲ ಹನ್ನೊಂದು ಹಾಡು ಕೇಳಿಸಿದವು. ಹನ್ನೆರಡನೆಯದನ್ನು ಒತ್ತಿದರೆ ಸದ್ದೇ ಇಲ್ಲ. ಅಲ್ಲಿಂದ ಮುಂದೆ ಒಂದೂ ಇಲ್ಲ. ಆ ಕಾರ್ಡಿನಲ್ಲಿ ನಿಜವಾಗಿ ಇದ್ದದ್ದು 4 ಜಿಬಿ. ಒಳಗಿನ ಕಂಟ್ರೋಲರ್ ಚಿಪ್ 32 ಅಂತ ಸುಳ್ಳು ಹೇಳುವ ಹಾಗೆ ಮಾಡಿದ್ದರು. ಹೆಸರುಗಳ ಪಟ್ಟಿ ಕಾರ್ಡಿನ ಮೊದಲಲ್ಲೇ ಇರುವುದರಿಂದ ಅದು ಉಳಿಯುತ್ತದೆ, ಹಾಡು ಹೋಗುತ್ತದೆ. ನನಗೆ ಇದು ಗೊತ್ತಾಗುವ ಹೊತ್ತಿಗೆ ಮತ್ತೆ ಹಾಡಿಸಲು ಅಜ್ಜಿ ಇರಲಿಲ್ಲ.

ಅದಕ್ಕೇ ಹೊಸ ಕಾರ್ಡ್ ಎಷ್ಟೇ ಒಳ್ಳೆ ಪ್ಯಾಕೆಟ್ಟಿನಲ್ಲಿ ಬಂದಿರಲಿ, ಮೊದಲು ಎಫ್‌ತ್ರೀ ಅನ್ನುವ ಪ್ರೋಗ್ರಾಮಿನಿಂದ ಪರೀಕ್ಷೆ ಮಾಡು. ಡೆಬಿಯನ್ನಿನಲ್ಲೇ ಸಿಗುತ್ತದೆ. ಅದು ಕಾರ್ಡನ್ನು ತುದಿಯವರೆಗೆ ತುಂಬಿ, ಆಮೇಲೆ ಬರೆದದ್ದು ಬರೆದ ಹಾಗೇ ಇದೆಯಾ ಅಂತ ಓದಿ ನೋಡುತ್ತದೆ. ಗಂಟೆಯ ಮೇಲೆ ಹಿಡಿಯುತ್ತದೆ. ಹಿಡಿಯಲಿ, ಊಟ ಮಾಡಿ ಬಾ. ಫೇಲಾದರೆ ಬಿಲ್ ಸಮೇತ ವಾಪಸ್ ಕೊಡು.

ನಕಲು ತೆಗೆಯಲು ರೂಮಿನ ಗೆಳೆಯನ ದೊಡ್ಡ ಲ್ಯಾಪ್‌ಟಾಪ್ ಕೇಳಿಕೋ, 16 ಜಿಬಿ ಖಾಲಿ ಜಾಗ ಇರಲಿ. ಹಳೇ ಕಾರ್ಡಿನ ಲಾಕ್ ಗುಂಡಿಯನ್ನು ನೀನೇ ಕೆಳಗೆ ಜಾರಿಸಿ ಚುಚ್ಚು. ಫೈಲು ಫೈಲಾಗಿ ಎಳೆಯುವ ಬದಲು ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಮಿನಿಂದ ಇಡೀ ಕಾರ್ಡಿನ ಇಮೇಜ್, ಅಂದರೆ ಇದ್ದದ್ದು ಇದ್ದ ಹಾಗೇ ಒಂದೇ ಫೈಲಿನಲ್ಲಿ ನಕಲು, ತೆಗೆ. ಎಲ್ಲೋ ಒಂದು ಕಡೆ ಓದಲಾಗದಿದ್ದರೂ ಅದು ನಿಲ್ಲದೆ ಮುಂದಿನದನ್ನು ಎತ್ತಿಕೊಳ್ಳುತ್ತದೆ. ಹೊಸ ಕಾರ್ಡಿಗೆ ಆ ಇಮೇಜ್ ಬರೆಯುವಾಗ ಯಾವ ಡ್ರೈವಿಗೆ ಬರೆಯುತ್ತಿದ್ದೀಯ ಅಂತ ಮೂರು ಸಲ ನೋಡು. ಗೆಳೆಯನ ಡಿಸ್ಕ್ ಮೇಲೆ ಬರೆದರೆ ಅವನದೆಲ್ಲ ಹೋಯಿತು. ಹೊಸ ಕಾರ್ಡಿಗೆ ಹಳೇದರ ಗುರುತಿನ ಸಂಖ್ಯೆಯೇ ಬರುತ್ತದೆ. ಅದಕ್ಕೇ ಎರಡನ್ನೂ ಒಟ್ಟಿಗೆ ಒಂದೇ ಕಂಪ್ಯೂಟರಿಗೆ ಚುಚ್ಚಬೇಡ, ಗೊಂದಲವಾಗುತ್ತದೆ. ಆಮೇಲೆ ಕಾರ್ಡಿನ ಭಾಗಗಳನ್ನು ಬದಲಿಸುವ ಜಿಪಾರ್ಟೆಡ್ ಪ್ರೋಗ್ರಾಂ ತೆರೆದು, ಕೊನೆಯಲ್ಲಿರುವ ಸ್ವಾಪ್ ಭಾಗ ಅಳಿಸಿ, ಹೋಮ್ ಭಾಗವನ್ನು ತುದಿಯವರೆಗೆ ಎಳೆ.

ನಿನ್ನ ಲ್ಯಾಪ್‌ಟಾಪಿನ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಎರಡು ಬದಲಾವಣೆ. ಆನ್ ಆಗುವಾಗ ಯಾವ ಭಾಗ ಎಲ್ಲಿ ಸೇರಬೇಕು ಅಂತ ಬರೆದಿರುವುದು ಅದರಲ್ಲೇ. ಸ್ವಾಪ್ ಸಾಲಿನ ಮುಂದೆ ಹ್ಯಾಷ್ ಗುರುತು (#) ಹಾಕು, ಇಲ್ಲದಿದ್ದರೆ ಆನ್ ಆಗುವಾಗ ಒಂದೂವರೆ ನಿಮಿಷ ಸುಮ್ನೆ ಕಾಯುತ್ತದೆ. ಹೋಮ್ ಸಾಲಿಗೆ ನೋ-ಎಟೈಮ್ ಸೇರಿಸು. ಬರೀ ಓದಿದ ಫೈಲಿಗೂ ಸಮಯ ಬರೆದಿಡುವ ಚಾಳಿ ಅದರಿಂದ ನಿಲ್ಲುತ್ತದೆ.

ಹಳೇ ಕಾರ್ಡನ್ನು ಎಸೆಯಬೇಡ, ಇನ್ನೊಬ್ಬರಿಗೆ ಕೊಡಲೂ ಬೇಡ. ಅಳಿಸಲು ಆಗದ ಕಾರ್ಡಿನಲ್ಲಿ ನಿನ್ನ ಫೋಟೋ ಎಲ್ಲ ಹಾಗೇ ಇವೆ. ದೀಪಾವಳಿಗೆ ಬರುವಾಗ ತಾ. ಯಂತ್ರವನ್ನೂ ತಾ, ಕೀಬೋರ್ಡಿನ ಧೂಳು ತೆಗೆದುಕೊಡುತ್ತೇನೆ. ಅಜ್ಜಿಯ ಆ ಹನ್ನೊಂದು ಹಾಡನ್ನೂ ನಿನ್ನ ಹೊಸ ಕಾರ್ಡಿಗೆ ಹಾಕಿಕೊಡುತ್ತೇನೆ. ಈಗ ಮೂರು ಕಡೆ ಇಟ್ಟಿದ್ದೇನೆ, ನಿನ್ನದು ನಾಲ್ಕನೆಯದಾಗಲಿ.

ನಕಲು ಮುಗಿದ ಕೂಡಲೇ ಫೋನ್ ಮಾಡು. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ.

ನಿನ್ನ
ಚಿಕ್ಕಪ್ಪ